ಹತ್ತಿದ ಗೇರಿನಲ್ಲಿಯೇ ಇಳಿಯುವ ಪಾಠ

ನನ್ನ ಹಳೆಯ ಮಾರುತಿ ಝೆನ್ ಕಾರಿನ ಬಾನೆಟ್ ಎತ್ತಿದಾಗಲೆಲ್ಲ ಪಕ್ಕದಲ್ಲಿ ನಿಂತವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಮಾರುತಿಯದೇ ದೊಡ್ಡ ಕಾರಾದ ಎಸ್ಟೀಮ್‌ನ ಎಂಜಿನ್ ಕೂರಿಸಿದ್ದಾಯಿತಲ್ಲ, ಇನ್ನು ಮೊದಲು ಏನು ಹಾಕಿಸುತ್ತೀರಿ? ಕೇಳುವವರ ಮನಸ್ಸಿನಲ್ಲಿ ಉತ್ತರವೂ ಸಿದ್ಧವಾಗಿರುತ್ತದೆ. ಹೊಗೆಯನ್ನು ಸಲೀಸಾಗಿ ಹೊರಬಿಡುವ ಹೆಡರ್ ಮತ್ತು ದಪ್ಪ ಸೈಲೆನ್ಸರ್, ಗಾಳಿಯನ್ನು ಹೆಚ್ಚು ಎಳೆಯುವ ತೆರೆದ ಫಿಲ್ಟರ್, ಕಾರನ್ನು ಎರಡು ಬೆರಳು ತಗ್ಗಿಸುವ ಸ್ಪ್ರಿಂಗ್. ಮೂರು ವರ್ಷಗಳ ಹಿಂದೆ ನನ್ನ ಡೈರಿಯ ಕೊನೆಯ ಪುಟದಲ್ಲಿಯೂ ಇದೇ ಪಟ್ಟಿ ಇತ್ತು, ಇದೇ ಕ್ರಮದಲ್ಲಿ. ಸೊಸೈಟಿಗೆ ಚಾಲಿ ಅಡಿಕೆ ಬಿಟ್ಟು ಬಂದ ಹಣದಲ್ಲಿ 40,000 ರೂಪಾಯಿಗಳನ್ನು ಅದಕ್ಕೆಂದೇ ತೆಗೆದಿರಿಸಿದ್ದೆ. ಹೊಸ ಎಂಜಿನ್ ನೂರು ಕಿಲೋಮೀಟರ್ ಓಡುವ ಮೊದಲೇ ಹುಬ್ಬಳ್ಳಿಗೆ ಹೋಗಿ ಹೆಡರ್ ಕೊಂಡು ತಂದೂ ಆಗಿತ್ತು. ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನ ತನಕ ಹೊಡೆದುಹಾಕಿ ಬೇರೆಯದೇ ಕ್ರಮವನ್ನು ಬರೆಯುವಂತೆ ಮಾಡಿದ್ದು ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟದ ಒಂದು ಇಳಿಜಾರು. ಅಂದಿನಿಂದ ಇಂದಿನವರೆಗೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲವಾದ್ದರಿಂದ ಒಮ್ಮೆ ಕುಳಿತು ಪೂರ್ತಿಯಾಗಿ ಬರೆದುಬಿಡೋಣವೆನ್ನಿಸಿತು.

ಕಾರಿನ ಬಗ್ಗೆ ಎರಡು ಮಾತು ಹೇಳಬೇಕು. ಝೆನ್‌ನ ಮೂಲ ಎಂಜಿನ್ 993 ಸಿಸಿಯದು. ಎಸ್ಟೀಮ್‌ನದು 1298 ಸಿಸಿ. ಎರಡೂ ಸುಜುಕಿಯ ಜಿ ಸರಣಿಯವೇ ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು ಹಳೆಯ ಮಾರುತಿ ಕಾರುಗಳನ್ನು ಪ್ರೀತಿಸುವವರಲ್ಲಿ ಬಹುಕಾಲದಿಂದ ನಡೆದುಬಂದಿರುವ ಕೆಲಸ. ಚಿಕ್ಕ ಎಂಜಿನ್ನಿನ ಸಿಲಿಂಡರ್ 72 ಮಿಲಿಮೀಟರ್ ಅಗಲ. ಅದರೊಳಗೆ ಪಿಸ್ಟನ್ ಚಲಿಸುವ ದೂರ 61 ಮಿಲಿಮೀಟರ್. ದೊಡ್ಡದರಲ್ಲಿ ಅಗಲ 74 ಆಗಿ ಎರಡೇ ಮಿಲಿಮೀಟರ್ ಹೆಚ್ಚಿದರೆ, ಪಿಸ್ಟನ್ ಚಲಿಸುವ ದೂರ 75.5ಕ್ಕೆ ಏರುತ್ತದೆ. ವ್ಯತ್ಯಾಸದ ಗುಟ್ಟೆಲ್ಲ ಈ ಎರಡನೆಯ ಅಳತೆಯಲ್ಲಿದೆ. ಕಾಲು ಒತ್ತಿದೊಡನೆ, ಸುತ್ತು ಏರುವುದನ್ನು ಕಾಯದೆ, ಕೆಳಗಿನಿಂದಲೇ ಎಳೆತ ಸಿಗುತ್ತದೆ. ಅಶ್ವಶಕ್ತಿಯ ಲೆಕ್ಕದಲ್ಲಿ ಎಂಪಿಎಫ್‌ಐ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ) ಝೆನ್ ಸುಮಾರು 60, ನಾನು ಕೂರಿಸಿದ ಹದಿನಾರು ವಾಲ್ವಿನ ಎಸ್ಟೀಮ್ ಎಂಜಿನ್ ಸುಮಾರು 85. ಎಂಟುನೂರು ಕಿಲೋಗೂ ಕಡಿಮೆ ತೂಗುವ ಕಾರಿನಲ್ಲಿ ಶೇಕಡಾ 40ರಷ್ಟು ಶಕ್ತಿ ಒಂದೇ ದಿನದಲ್ಲಿ ಹೆಚ್ಚಿತು. ಹೆಡರ್ ಮತ್ತು ಫಿಲ್ಟರ್ ಸೇರಿ ಇದರ ಮೇಲೆ ಕೊಡಬಹುದಾದದ್ದು ಬೆರಳೆಣಿಕೆಯಷ್ಟು ಅಶ್ವಶಕ್ತಿ. ಇಷ್ಟು ಸರಳವಾದ ಲೆಕ್ಕ ನನಗೆ ಅಂದು ಹೊಳೆಯಲಿಲ್ಲ. ಎಂಜಿನ್ ಬದಲಿಸಿದ್ದೇ ದೊಡ್ಡ ಸುಧಾರಣೆ, ಅದು ಮುಗಿದುಹೋಗಿದೆ. ಇನ್ನು ಉಳಿದಿರುವುದು ಆ ಸುಧಾರಣೆ ಕಾರಿನ ಉಳಿದ ಭಾಗಗಳ ಮೇಲೆ ಹೊರಿಸಿದ ಸಾಲವನ್ನು ತೀರಿಸುವ ಕೆಲಸ ಎಂದು ಅಂದು ಯಾರಾದರೂ ಹೇಳಿದ್ದರೂ ನಾನು ಕಿವಿಗೆ ಹಾಕಿಕೊಳ್ಳುತ್ತಿದ್ದೆನೆಂಬ ಭರವಸೆ ನನಗಿಲ್ಲ.

ಘಟ್ಟ

ನನಗೆ ಕಾರು ಕಲಿಸಿದವರು ನೆರೆಮನೆಯ ನಿವೃತ್ತ ಬಸ್ ಚಾಲಕರು. ಶಿರಸಿಯಿಂದ ಕುಮಟಾ, ಯಲ್ಲಾಪುರದಿಂದ ಅಂಕೋಲಾ ಎಂದು ದೇವಿಮನೆ ಮತ್ತು ಅರಬೈಲ್ ಘಟ್ಟಗಳಲ್ಲಿಯೇ ತಮ್ಮ ವೃತ್ತಿಯನ್ನು ಸವೆಸಿದವರು. ಅವರು ಕಲಿಸಿದ ಒಂದು ಸೂತ್ರವನ್ನು ಈ ಜಿಲ್ಲೆಯಲ್ಲಿ ವಾಹನ ಹಿಡಿದವರೆಲ್ಲ ಒಂದಲ್ಲ ಒಂದು ಬಾರಿ ಕೇಳಿಯೇ ಇರುತ್ತಾರೆ. "ಹತ್ತೂಕೆ ಯಾವ ಗೇರು ಬೇಕೋ, ಇಳಿಯೂಕೂ ಅದೇ ಗೇರು." ಇಪ್ಪತ್ತು ವರ್ಷಗಳ ಕಾಲ ನಾನು ಈ ಮಾತಿಗೆ ತಪ್ಪಿ ನಡೆದವನಲ್ಲ. ಹಳೆಯ ಎಂಜಿನ್ನಿನಲ್ಲಿ ದೇವಿಮನೆ ಘಟ್ಟವನ್ನು ಹತ್ತುವಾಗ, ಅದರಲ್ಲೂ ನಾಲ್ಕು ಜನ ಕುಳಿತಿದ್ದರೆ, ತಿರುವು ತಿರುವಿಗೂ ಎರಡನೆಯ ಗೇರಿಗೆ ಬರಲೇಬೇಕಿತ್ತು. ಹಾಗಾಗಿ ಇಳಿಯುವಾಗಲೂ ಎರಡನೆಯ ಗೇರು. ಎಂಜಿನ್ ಗೊರಗುಟ್ಟುತ್ತ ಕಾರನ್ನು ಹಿಡಿದುಕೊಳ್ಳುತ್ತಿತ್ತು, ಬ್ರೇಕಿನ ಮೇಲೆ ಕಾಲು ಹೋಗುತ್ತಿದ್ದದ್ದು ಕಡಿಮೆ.

ಎಸ್ಟೀಮ್ ಎಂಜಿನ್ ಬಂದ ಮೇಲೆ ಅದೇ ಘಟ್ಟವನ್ನು ಮೂರನೆಯ ಗೇರಿನಲ್ಲಿ ಹತ್ತಿದೆ. ಬಂದಷ್ಟು ತಿರುವುಗಳಲ್ಲಿಯೂ ಗೇರ್ ಇಳಿಸದೆ, ಕಾಲನ್ನು ಸ್ವಲ್ಪವೇ ಒತ್ತಿ, ಮೇಲೆ ದೇವಸ್ಥಾನದ ಎದುರು ನಿಂತು ಕೈಮುಗಿದಾಗ ನನಗಾದ ಸಂತೋಷವನ್ನು ಈಗಲೂ ಮರೆತಿಲ್ಲ. ಆ ಸಂತೋಷದಲ್ಲಿಯೇ ಅಪಾಯವೂ ಅಡಗಿತ್ತು. ಮೂರನೆಯದರಲ್ಲಿ ಹತ್ತಿದೆನಾದ್ದರಿಂದ, ಗುರುಗಳ ಮಾತಿನಂತೆ, ಮೂರನೆಯದರಲ್ಲಿಯೇ ಇಳಿಯತೊಡಗಿದೆ.

ಅದು ಮೇ ತಿಂಗಳ ಕೊನೆಯ ವಾರ. ಹೆಂಡತಿಯ ತವರು ಕಾರವಾರಕ್ಕೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಆಯಿ ಮತ್ತು ಮಗಳು, ಡಿಕ್ಕಿಯಲ್ಲಿ ಎರಡು ಹಲಸಿನ ಹಣ್ಣು, ಅಪ್ಪೆಮಿಡಿಯ ಭರಣಿ, ಹಪ್ಪಳದ ಡಬ್ಬಿ. ಬಂಡಲ ದಾಟಿ ಘಟ್ಟ ಶುರುವಾದ ಮೇಲೆ ಮುಂದೊಂದು ಜಲ್ಲಿ ತುಂಬಿದ ಲಾರಿ ಸಿಕ್ಕಿತು. ಅದರ ಹಿಂದೆಯೇ ಬ್ರೇಕ್ ಒತ್ತುತ್ತ, ಬಿಡುತ್ತ ಅರ್ಧ ಘಟ್ಟ ಇಳಿದಿದ್ದೇವೆ. ಆಯಿ ಹಿಂದಿನಿಂದ "ತಮಾ, ಎಂತದೋ ಸುಟ್ಟ ವಾಸನೆ ಬತ್ತಾ ಇದ್ದು" ಎಂದರು. ಲಾರಿಯದಿರಬೇಕೆಂದು ನಾನು ಉತ್ತರಿಸಿದೆ. ಮುಂದಿನ ತಿರುವಿನಲ್ಲಿ ಲಾರಿ ನಿಧಾನಿಸಿದಾಗ ಬ್ರೇಕ್ ಒತ್ತಿದೆ. ಪೆಡಲ್ ಅರ್ಧ ದಾರಿಯ ತನಕ ಏನೂ ತಡೆಯಿಲ್ಲದೆ, ಒದ್ದೆ ಹತ್ತಿಯನ್ನು ತುಳಿದಂತೆ ಒಳಗೆ ಹೋಯಿತು. ಬಿಟ್ಟು ಮತ್ತೆ ಒತ್ತಿದಾಗ ಅಲ್ಪಸ್ವಲ್ಪ ಹಿಡಿಯಿತು. ಮೂರನೆಯ ಬಾರಿಗೆ ನೆಲ ಮುಟ್ಟಿತು. ಪೆಡಲನ್ನು ಪಂಪಿನಂತೆ ಒತ್ತುತ್ತಲೇ ಎರಡನೆಯ ಗೇರಿಗೆ ಇಳಿಸಿದೆ, ಎಂಜಿನ್ ಒಮ್ಮೆ ಜೋರಾಗಿ ಕೂಗಿ ಕಾರನ್ನು ಹಿಡಿಯಿತು, ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿ ಹಿಡಿದುಕೊಂಡೇ ಸ್ವಲ್ಪಸ್ವಲ್ಪವಾಗಿ ಮೇಲೆಳೆದೆ. ಎಡಗಡೆ ಗುಡ್ಡ ಕಡಿದು ಅಗಲ ಮಾಡಿದ್ದ ಜಾಗದಲ್ಲಿ ಕಾರು ನಿಂತಾಗ ಲಾರಿಯ ಹಿಂಬದಿಗೂ ನಮಗೂ ಹೆಚ್ಚು ಅಂತರ ಉಳಿದಿರಲಿಲ್ಲ. ಮಗಳಿಗೆ ಏನಾಯಿತೆಂದು ಗೊತ್ತಾಗಲಿಲ್ಲ. ಆಯಿಗೆ ಗೊತ್ತಾಗಿತ್ತು, ಆದರೆ ಅವರು ಏನೂ ಕೇಳಲಿಲ್ಲ.

ಮುಂದೆ ನಿಲ್ಲಿಸಿದ ಲಾರಿಯಿಂದ ಕ್ಲೀನರ್ ಹುಡುಗ ನೀರಿನ ಕ್ಯಾನ್ ಹಿಡಿದು ಓಡಿಬಂದು ಚಕ್ರಕ್ಕೆ ಸುರಿಯಲು ಹೊರಟಾಗ ಚಾಲಕರು ದೂರದಿಂದಲೇ ಗದರಿ ತಡೆದರು. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ತಾನಾಗಿ ಆರುವ ತನಕ ಮುಟ್ಟಬೇಡಿ ಎಂದು ಹೇಳಿ ಹೋದರು. ಮುಕ್ಕಾಲು ಗಂಟೆ ಕಾದೆವು. ಆಮೇಲೆ ಒತ್ತಿ ನೋಡಿದರೆ ಪೆಡಲ್ ಏನೂ ಆಗಿಲ್ಲವೆಂಬಂತೆ ಮೊದಲಿನಷ್ಟೇ ಗಟ್ಟಿಯಾಗಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಈ ಗಟ್ಟಿತನವೇ. ದೋಷ ತಾನೇ ಮಾಯವಾಗಿಬಿಡುತ್ತದೆ. ನಂಬದವನ ಎದುರು ತೋರಿಸಲೂ ಸಾಧ್ಯವಿಲ್ಲ. ಅಂದು ಬಚಾವಾದವನು ಮರುದಿನ ಗ್ಯಾರೇಜಿನಲ್ಲಿ ಪೆಡಲ್ ಒತ್ತಿ ನೋಡಿ, ಎಲ್ಲವೂ ಸರಿಯಿದೆಯೆಂದುಕೊಂಡು, ಹೆಡರ್ ಹಾಕಿಸಿಕೊಂಡು ಮನೆಗೆ ಹೋಗಬಹುದು.

ಕಾರವಾರದಲ್ಲಿ ಆ ರಾತ್ರಿ ನಿದ್ರೆ ಬಾರದೆ ಮಾಡಿದ ಲೆಕ್ಕವೊಂದನ್ನು ಇಲ್ಲಿ ಬರೆಯುತ್ತೇನೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಕುಮಟಾ ಕಡಲಂಚಿನಲ್ಲಿದೆ, ನಡುವಿನ ಇಳಿತದ ದೊಡ್ಡ ಪಾಲು ಘಟ್ಟದ್ದು. ಲೆಕ್ಕಕ್ಕೆ 400 ಮೀಟರ್ ಎಂದಿಟ್ಟುಕೊಳ್ಳೋಣ. ಜನ ಮತ್ತು ಸಾಮಾನು ಸೇರಿ 1,000 ಕಿಲೋ ತೂಗುವ ಕಾರು 400 ಮೀಟರ್ ಕೆಳಗಿಳಿಯುವಾಗ ಬಿಟ್ಟುಕೊಡುವ ಶಕ್ತಿ ಸುಮಾರು 39 ಲಕ್ಷ ಜೂಲ್. ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಲೀಟರಿಗೆ ಮೂರು ಲಕ್ಷ ಚಿಲ್ಲರೆ ಜೂಲ್ ಬೇಕು. ಅಂದರೆ ಹನ್ನೆರಡು ಲೀಟರ್, ಹೆಚ್ಚುಕಡಿಮೆ ಒಂದು ಕೊಡ ನೀರು. ಬಚ್ಚಲ ಒಲೆಗೆ ಎಷ್ಟು ಕಟ್ಟಿಗೆ ತುರುಕಿದರೆ ಒಂದು ಕೊಡ ನೀರು ಮರಳುತ್ತದೆಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಷ್ಟು ಬಿಸಿಯನ್ನು ಎಂಜಿನ್, ಗಾಳಿ ಮತ್ತು ಬ್ರೇಕು ಹಂಚಿಕೊಳ್ಳಬೇಕು. ಎರಡನೆಯ ಗೇರಿನಲ್ಲಿ ಎಂಜಿನ್ ತನ್ನ ಪಾಲನ್ನು ಧಾರಾಳವಾಗಿ ಹೊರುತ್ತದೆ. ಮೂರನೆಯದರಲ್ಲಿ ಅದು ಕೈಚೆಲ್ಲುತ್ತದೆ, ಉಳಿದದ್ದರ ಬಹುಪಾಲು ಮುಂದಿನ ಚಕ್ರಗಳನ್ನು ಹಿಡಿಯುವ ಅಂಗೈಯಗಲದ ನಾಲ್ಕು ಬ್ರೇಕ್ ಪ್ಯಾಡುಗಳ ಮೇಲೆ ಬೀಳುತ್ತದೆ. ಇದರ ಜೊತೆಗೆ ವೇಗದ ಲೆಕ್ಕವಿದೆ: ತಿರುವಿಗೆ ಮುನ್ನ 40ರ ಬದಲು 55ರಲ್ಲಿ ಬಂದರೆ ಪ್ರತಿ ಬಾರಿಯೂ ಬ್ರೇಕು ನುಂಗಬೇಕಾದ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ.

ಹಿರಿಯರ ಸೂತ್ರ ತಪ್ಪೆಂದು ನಾನು ಹೇಳುತ್ತಿಲ್ಲ. ಎಂಜಿನ್, ಬ್ರೇಕು, ತೂಕ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ಕಾರ್ಖಾನೆಯಿಂದ ಬಂದ ವಾಹನದಲ್ಲಿ ಹತ್ತುವ ಕಷ್ಟವೇ ಇಳಿಯುವ ಕಷ್ಟಕ್ಕೆ ಅಳತೆಗೋಲು. ಎಂಜಿನ್ ಬದಲಿಸಿದಾಗ ಆ ಅಳತೆಗೋಲನ್ನೇ ಉದ್ದ ಮಾಡಿದಂತಾಗುತ್ತದೆ. ಹತ್ತುವುದು ಸುಲಭವಾಯಿತು, ಇಳಿಯುವುದು ಎಳ್ಳಷ್ಟೂ ಸುಲಭವಾಗಲಿಲ್ಲ. ನನ್ನ ಗುರುಗಳಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, "ಹಂಗಾದ್ರೆ ನೀವು ಹಳೇ ಇಂಜಿನ್ ಇದ್ದಂಗೇ ಇಳೀಬೇಕು" ಎಂದರು. ನನ್ನ ಪಟ್ಟಿಯ ಮೊದಲ ಸಾಲಿಗೆ ಬಂದದ್ದು ಈ ಮಾತು. ಅದಕ್ಕೆ ಒಂದು ರೂಪಾಯಿಯ ಖರ್ಚೂ ಇರಲಿಲ್ಲ.

ಕಷಾಯದ ಬಣ್ಣ

ಶಿರಸಿಗೆ ಮರಳಿದ ಮೇಲೆ ಎಂಜಿನ್ ಕೂರಿಸಿದ ಮೆಕ್ಯಾನಿಕ್ ಬಳಿಗೆ ಹೋದೆ. ಅವರು ಮಾತಿಗಿಂತ ಮೊದಲು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಬಿಳಿಯ ಬಟ್ಟೆಯ ತುದಿಯನ್ನು ಅದ್ದಿ ಬೆಳಕಿಗೆ ಹಿಡಿದರು. ಹೊಸ ಬ್ರೇಕ್ ಆಯಿಲ್ ತಿಳಿಯಾಗಿ, ಹೆಚ್ಚೆಂದರೆ ತೆಳು ಹಳದಿಯಾಗಿರುತ್ತದೆ. ಬಟ್ಟೆಯ ಮೇಲೆ ಹರಡಿದ್ದು ಮನೆಯಲ್ಲಿ ಸಂಜೆ ಕುಡಿಯುವ ಕಷಾಯದ ಬಣ್ಣದ್ದು. "ಇದನ್ನ ಕೊನೇ ಸಲ ಯಾವಾಗ ಚೇಂಜ್ ಮಾಡ್ಸಿದ್ರಿ ಹೆಗಡೇರೇ?" ಎಂದು ಕೇಳಿದರು. ಎಂಜಿನ್ ಆಯಿಲಿನ ದಿನಾಂಕ, ಬ್ಯಾಟರಿಯ ದಿನಾಂಕ, ಏರ್ ಫಿಲ್ಟರಿನ ದಿನಾಂಕ ಎಲ್ಲವೂ ನನ್ನ ಡೈರಿಯಲ್ಲಿದ್ದವು, ಇದೊಂದು ಮಾತ್ರ ಇರಲಿಲ್ಲ.

ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ ಹೊಸದರಲ್ಲಿ 230, ತೇವದ ನಂತರ 155. ಕುದಿದಾಗ ಕೊಳವೆಯೊಳಗೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಪೆಡಲ್ ಹತ್ತಿಯಾದದ್ದು ಇದರಿಂದ. ಆರಿದಾಗ ಆವಿ ಮರಳಿ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಪ್ಯಾಡ್ ಕಾದು ಹಿಡಿತ ಬಿಡುವುದು ಬೇರೆಯೇ ರೋಗ: ಅಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಯಾವುದಕ್ಕೆ ಹಣ ಹಾಕಬೇಕೆಂಬುದು ತಾನೇ ತಿಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ, ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಬೂಸಲು ಹಿಡಿಯುವ ನಮ್ಮ ಊರುಗಳಲ್ಲಿ ಬ್ರೇಕ್ ಆಯಿಲನ್ನು ಎರಡು ವರ್ಷ ಮೀರಿ ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ನಾನು ಈಗ ಪ್ರತಿ ವರ್ಷ ಮಳೆ ಮುಗಿದ ಮೇಲೆ, ಅಡಿಕೆ ಕೊಯ್ಲಿಗೆ ಮುನ್ನ, ಬದಲಿಸುತ್ತೇನೆ.

ಮೆಕ್ಯಾನಿಕ್ ಅಂದು ಹೇಳಿದ ಇನ್ನೊಂದು ಮಾತು ನನ್ನ ಯೋಚನೆಯ ದಿಕ್ಕನ್ನೇ ಬದಲಿಸಿತು. ಎಂಜಿನ್ ಕೊಟ್ಟ ಗುಜರಿ ಎಸ್ಟೀಮ್ ಆಗ ಇನ್ನೂ ಗುಜರಿ ಅಂಗಡಿಯವರ ಹಿತ್ತಲಲ್ಲಿಯೇ ಇತ್ತು. ಆ ಕಾರನ್ನು ತಯಾರಿಸಿದವರು 1298 ಸಿಸಿ ಎಂಜಿನ್ನಿಗೆ ಎಷ್ಟು ಬ್ರೇಕ್ ಬೇಕು, ಎಷ್ಟು ದೊಡ್ಡ ರೇಡಿಯೇಟರ್ ಬೇಕು, ಯಾವ ಕ್ಲಚ್ ಬೇಕು ಎಂದು ಅಳೆದೇ ಕೊಟ್ಟಿದ್ದರು. ನಾವು ಎಂಜಿನ್ನನ್ನು ಮಾತ್ರ ಎತ್ತಿಕೊಂಡು, ಅದರೊಂದಿಗೆ ಬರಬೇಕಾದ ಉತ್ತರಗಳನ್ನೆಲ್ಲ ಗುಜರಿಯಲ್ಲಿ ಬಿಟ್ಟುಬಂದಿದ್ದೆವು. ಮರುವಾರ ಹೋಗಿ ಮುಂದಿನ ಚಕ್ರಗಳ ಬ್ರೇಕ್ ಜೋಡಣೆಯನ್ನು ತಂದೆವು. ಡಿಸ್ಕ್ ಮತ್ತು ಪ್ಯಾಡುಗಳನ್ನು ಹೊಸದಾಗಿ ಕೊಂಡು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ರಬ್ಬರುಗಳನ್ನು ಬದಲಿಸಿ ಕೂರಿಸಿದ್ದಾಯಿತು. ಮುಂದಿನ ಕ್ಯಾಲಿಪರ್ ಬದಲಾದಾಗ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಅದಕ್ಕೆ ಹೊಂದುತ್ತದೆಯೋ ಇಲ್ಲವೋ, ಹಿಂದಿನ ಡ್ರಮ್ಮಿನೊಡನೆ ಹಂಚಿಕೆ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಖಾಲಿ ರಸ್ತೆಯಲ್ಲಿ ಕಡಿಮೆ ವೇಗದಿಂದ ಶುರುಮಾಡಿ ನೋಡಲೇಬೇಕು. ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡರೆ ಕಾರು ತಿರುಗಿ ನಿಲ್ಲುತ್ತದೆ.

ಈ ಕೆಲಸಕ್ಕೆಂದು ಕಾರನ್ನು ಎತ್ತಿದಾಗಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಇದು ಕೆಎ 30ರ ಕಾರು. ಮೊದಲ ಹನ್ನೆರಡು ವರ್ಷ ಕಾರವಾರದಲ್ಲಿ ಕಡಲಿಗೆ ಕೂಗಳತೆಯ ದೂರದಲ್ಲಿ ನಿಂತಿತ್ತು. ಹಿಂದಿನ ಚಕ್ರಗಳಿಗೆ ಹೋಗುವ ಉಕ್ಕಿನ ಬ್ರೇಕ್ ಪೈಪನ್ನು ಮೆಕ್ಯಾನಿಕ್ ಉಗುರಿನಿಂದ ಕೆರೆದರು. ತುಕ್ಕು ಚಕ್ಕೆಚಕ್ಕೆಯಾಗಿ ಉದುರಿ, ಕ್ಲಿಪ್ಪಿನ ಕೆಳಗಿನ ಒಂದಂಗುಲದಷ್ಟು ಭಾಗ ಪೆನ್ಸಿಲಿನ ಸೀಸದಷ್ಟು ತೆಳುವಾಗಿ ಉಳಿದಿತ್ತು. ಘಟ್ಟದ ಆ ಕೊನೆಯ ಒತ್ತಿಗೆ ಅದು ಒಡೆಯದೇ ಇದ್ದದ್ದು ಏಕೆಂದು ನನಗೆ ಈಗಲೂ ತಿಳಿಯದು. ಉಪ್ಪುಗಾಳಿಯ ಊರಿನ ಹಳೆಯ ಕಾರಿಗೆ ಶಕ್ತಿ ಸೇರಿಸಲು ಹೊರಟವರು ಮೊದಲು ಕಾರನ್ನು ಎತ್ತಿಸಿ, ಟಾರ್ಚ್ ಹಿಡಿದು, ಕೆಳಗಿನ ಪ್ರತಿ ಪೈಪನ್ನೂ ಕೈಯಿಂದ ಮುಟ್ಟಿ ನೋಡಬೇಕೆಂದು ಬೇಡಿಕೊಳ್ಳುತ್ತೇನೆ.

ಮೂರನೆಯ ಸಿಲಿಂಡರ್

ಬ್ರೇಕಿನ ಕೆಲಸ ಮುಗಿದ ಮೇಲೆ ಉಳಿದ ಹಣವನ್ನು ಎಂಜಿನ್ನಿಗೆ ಹಾಕೋಣವೆಂದೆ. ಅದಕ್ಕೂ ಮೊದಲು ಕಂಪ್ರೆಶನ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆಂಬುದನ್ನು, ನೋಡೋಣ ಎಂದರು ಮೆಕ್ಯಾನಿಕ್. ಗುಜರಿಯಿಂದ ಬಂದ ಎಂಜಿನ್ ಎಷ್ಟು ಓಡಿದೆ, ಹೇಗೆ ಓಡಿದೆ ಎಂದು ಮೀಟರ್ ಹೇಳುವುದಿಲ್ಲ, ಗೇಜ್ ಹೇಳುತ್ತದೆ. ಎಂಜಿನ್ನನ್ನು ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಪೆಟ್ರೋಲು ಮತ್ತು ಕಿಡಿ ಬಾರದಂತೆ ಕನೆಕ್ಟರ್ ಕಳಚಿ, ನಾನು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯುತ್ತ ಹೋದೆ. ಅವರು ಒಂದೊಂದೇ ಸಿಲಿಂಡರಿಗೆ ಗೇಜ್ ತಿರುಗಿಸಿ ಕೂರಿಸಿ, ಮುಳ್ಳು ನಿಂತ ಸಂಖ್ಯೆಯನ್ನು ಸೀಮೆಸುಣ್ಣದಿಂದ ಬಾನೆಟ್ಟಿನ ಒಳಮೈಯಲ್ಲಿ ಬರೆದರು: 180, 178, 150, 182. ಮೂರನೆಯದರ ಎದುರು ಅವರ ಕೈ ಸ್ವಲ್ಪ ಹೊತ್ತು ನಿಂತಿತು.

ಒಂದು ಚಮಚ ಎಂಜಿನ್ ಆಯಿಲನ್ನು ಪ್ಲಗ್ಗಿನ ರಂಧ್ರದಿಂದ ಮೂರನೆಯ ಸಿಲಿಂಡರಿಗೆ ಬಿಟ್ಟು ಮತ್ತೆ ಅಳೆದರು. ಆಯಿಲ್ ರಿಂಗುಗಳ ಸುತ್ತಲಿನ ಸಂದನ್ನು ಮುಚ್ಚುತ್ತದೆ. ಸಂಖ್ಯೆ ಏರಿದರೆ ದೋಷ ರಿಂಗಿನದು, ಏರದಿದ್ದರೆ ಮೇಲಿನ ವಾಲ್ವಿನದು. ಏರಲಿಲ್ಲ. ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗವನ್ನು, ಅಂದರೆ ಹೆಡ್ಡನ್ನು, ಇಳಿಸಬೇಕಾದೀತೆಂದು ನಾನು ಮನಸ್ಸಿನಲ್ಲಿಯೇ ಖರ್ಚನ್ನು ಲೆಕ್ಕ ಹಾಕತೊಡಗಿದ್ದೆ. ಅವರು ಎಂಜಿನ್ ಆರುವ ತನಕ ಕಾದು, ಮೇಲಿನ ಮುಚ್ಚಳ ಬಿಚ್ಚಿ, ವಾಲ್ವು ಮತ್ತು ಅದನ್ನು ಒತ್ತುವ ಭಾಗದ ನಡುವಿನ ಟ್ಯಾಪೆಟ್ ಸಂದಿಗೆ, ಸಂದು ಅಳೆಯುವ ಫೀಲರ್ ಗೇಜಿನ ತಗಡು ತೂರಿಸಿ ನೋಡಿದರು. ಮೂರನೆಯ ಸಿಲಿಂಡರಿನ ಒಂದು ಎಕ್ಸಾಸ್ಟ್ ವಾಲ್ವಿನಲ್ಲಿ ತಗಡು ಒಳಗೇ ಹೋಗಲಿಲ್ಲ. ಸಂದು ಇಲ್ಲದಷ್ಟು ಬಿಗಿಯಾಗಿದ್ದರಿಂದ ಎಂಜಿನ್ ಬಿಸಿಯಾದಾಗ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ, ಅಷ್ಟಷ್ಟೇ ಒತ್ತಡ ಸೋರುತ್ತಿತ್ತು. ಹೀಗೆಯೇ ಓಡಿಸಿದ್ದರೆ ಆ ವಾಲ್ವು ಸುಟ್ಟುಹೋಗುತ್ತಿತ್ತು. ಸ್ಕ್ರೂ ಸಡಿಲಿಸಿ, ತಗಡನ್ನು ಸಂದಿನಲ್ಲಿಟ್ಟು, ಎಳೆದಾಗ ಬೆಣ್ಣೆಯೊಳಗಿಂದ ಬಂದಂತೆ ಸಣ್ಣ ಹಿಡಿತದೊಡನೆ ಜಾರುವಷ್ಟು ಬಿಗಿ ಮಾಡಿ, ಲಾಕ್‌ನಟ್ ಕಟ್ಟಿದರು. ಆ ಸ್ಪರ್ಶವನ್ನು ನನಗೂ ಕಲಿಸಿದರು. ತಗಡಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನಾನೇ ಎಳೆದು ನೋಡಿದೆ. ಮತ್ತೆ ಅಳೆದಾಗ ಮೂರನೆಯದು 176. ಅಷ್ಟಕ್ಕೆ ಅವರು ತೆಗೆದುಕೊಂಡದ್ದು ಅರ್ಧ ದಿನದ ಮಜೂರಿ. ಕಾರಿನ ಪಿಕಪ್ಪಿನಲ್ಲಿ ಕಂಡ ವ್ಯತ್ಯಾಸ ಮಾತ್ರ ಯಾವ ಹೆಡರಿಗೂ ಕಡಿಮೆಯದಲ್ಲ.

ಅದೇ ದಿನ ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಮತ್ತು ಅವುಗಳ ಹಿಂದಿನ ಆಯಿಲ್ ಸೀಲುಗಳನ್ನು ಬದಲಿಸಿದೆವು. ಇತಿಹಾಸ ಗೊತ್ತಿಲ್ಲದ ಎಂಜಿನ್ನಿನಲ್ಲಿ ಬೆಲ್ಟಿನ ವಯಸ್ಸನ್ನು ಊಹಿಸುವುದು ಸರಿಯಲ್ಲ.

ರೇಡಿಯೇಟರ್ ಮತ್ತು ಟಯರ್

ಇಳಿಯುವಾಗಿನ ಬಿಸಿ ಬ್ರೇಕಿನದಾದರೆ ಹತ್ತುವಾಗಿನದು ಎಂಜಿನ್ನಿನದು. ಘಟ್ಟದಲ್ಲಿ ಎಂಜಿನ್ ದುಡಿಯುವುದು ಹೆಚ್ಚು, ಕಾರು ಚಲಿಸುವುದು ನಿಧಾನ. ರೇಡಿಯೇಟರಿಗೆ ಮುಂದಿನಿಂದ ಬರುವ ಗಾಳಿ ಸಾಲದು. ಕರಾವಳಿಯ ಏಪ್ರಿಲ್ ಮಧ್ಯಾಹ್ನ ಘಟ್ಟದ ಕೆಳಗಿನ ಕತಗಾಲದಿಂದ ಏಸಿ ಹಾಕಿಕೊಂಡು ಹತ್ತಿದಾಗ ಝೆನ್‌ನ ಚಿಕ್ಕ ರೇಡಿಯೇಟರಿನಲ್ಲಿ ಮುಳ್ಳು ಅರ್ಧ ದಾಟಿ ಮೇಲೇರಿದ್ದನ್ನು ನೋಡಿದ್ದೆ. ಅಲ್ಯೂಮಿನಿಯಮ್ ಹೆಡ್ ಒಮ್ಮೆ ಅತಿಯಾಗಿ ಕಾದರೆ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಇಲ್ಲಿಯೂ ಉತ್ತರ ಗುಜರಿಯಲ್ಲಿಯೇ ಇತ್ತು: ಎಸ್ಟೀಮ್‌ನ ರೇಡಿಯೇಟರನ್ನು ತಂದು, ಸೋರುವಿಕೆ ಪರೀಕ್ಷಿಸಿ, ಬ್ರಾಕೆಟನ್ನು ಸ್ವಲ್ಪ ತಿದ್ದಿ ಕೂರಿಸಿದರು. ಜೊತೆಗೆ ಹೊಸ ಥರ್ಮೋಸ್ಟಾಟ್, ಹೊಸ ಹೋಸ್‌ಗಳು, ಹೊಸ ಕ್ಯಾಪ್. ಕ್ಯಾಪಿನ ಮೇಲೆ 0.9 ಎಂದು ಬರೆದಿರುತ್ತದೆ. ಅಷ್ಟು ಒತ್ತಡವನ್ನು ಅದು ಹಿಡಿದಿಟ್ಟರೆ ಒಳಗಿನ ಬರೀ ನೀರು ಕೂಡ 118 ಡಿಗ್ರಿ ದಾಟುವ ತನಕ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತ ಹಳೆಯ ಕ್ಯಾಪ್ ಈ ಲಾಭವನ್ನೆಲ್ಲ ಕಳೆದುಬಿಡುತ್ತದೆ. ಥರ್ಮೋಸ್ಟಾಟನ್ನು ತೆಗೆದು ಎಸೆದರೆ ತಂಪಾಗಿರುತ್ತದೆಂದು ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಎಂಪಿಎಫ್‌ಐ ಎಂಜಿನ್ನಿನಲ್ಲಿ ಹಾಗೆ ಮಾಡಿದರೆ ಎಂಜಿನ್ ಇನ್ನೂ ತಣ್ಣಗಿದೆಯೆಂದೇ ಕಂಪ್ಯೂಟರ್ ತಿಳಿದು ಪೆಟ್ರೋಲನ್ನು ಹೆಚ್ಚಾಗಿ ಸುರಿಯುತ್ತದೆ.

ಟಯರಿನ ವಿಷಯದಲ್ಲಿ ನನಗೆ ನಾಚಿಕೆಯಿದೆ. ಗೆರೆಗಳು ಆಳವಾಗಿಯೇ ಇದ್ದುದರಿಂದ ಅವು ಚೆನ್ನಾಗಿವೆಯೆಂದು ನಂಬಿದ್ದೆ. ಟಯರಿನ ಪಕ್ಕೆಯಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನವು 3412, ಅಂದರೆ 2012ರ 34ನೆಯ ವಾರ. ಹತ್ತು ವರ್ಷ ಕಳೆದ ರಬ್ಬರ್ ಉಗುರು ಒತ್ತಿದರೆ ತಗ್ಗದಷ್ಟು ಗಡುಸಾಗಿತ್ತು. ಮೊದಲ ಮಳೆಗೆ ಕೆಮ್ಮಣ್ಣು ಹರಿದು ಬಂದ ತಿರುವಿನಲ್ಲಿ ಅಂಥ ಟಯರ್ ಏನನ್ನೂ ಹಿಡಿಯುವುದಿಲ್ಲ. ಮೂಲ 145/70 ಆರ್13ರ ಬದಲು 165/65 ಆರ್13 ಹಾಕಿಸಿದೆ. ಅಗಲ ಹೆಚ್ಚಾದರೂ ಒಟ್ಟು ಎತ್ತರದ ವ್ಯತ್ಯಾಸ ಶೇಕಡಾ ಎರಡರ ಆಸುಪಾಸು ಮಾತ್ರವಾದ್ದರಿಂದ ಮೀಟರ್ ಹೆಚ್ಚು ತಪ್ಪುವುದಿಲ್ಲ. ಕೆಳಗಿನ ಆರ್ಮ್ ಬುಶ್‌ಗಳನ್ನೂ ಮುಂದಿನ ಶಾಕ್ ಅಬ್ಸಾರ್ಬರುಗಳನ್ನೂ ಬದಲಿಸಿ ಅಲೈನ್‌ಮೆಂಟ್ ಮಾಡಿಸಿದೆ. ತಗ್ಗಿಸುವ ಸ್ಪ್ರಿಂಗುಗಳ ಯೋಚನೆ ನಮ್ಮ ತೋಟದ ರಸ್ತೆಯ ಮೊದಲ ಚರಂಡಿಯಲ್ಲಿಯೇ ಮುಗಿದುಹೋಯಿತು.

ಅಟ್ಟದ ಮೇಲಿನ ಹೆಡರ್

ಹೆಡರ್, ಫಿಲ್ಟರುಗಳ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ನನ್ನ ಕಾರು ಎಲ್ಲಿ, ಎಷ್ಟು ಸುತ್ತಿನಲ್ಲಿ ದುಡಿಯುತ್ತದೆಂದು ಒಂದು ವಾರ ಮೀಟರ್ ನೋಡಿ ಬರೆದುಕೊಂಡೆ. ಘಟ್ಟದಲ್ಲಿ, ಶಿರಸಿ–ಸಿದ್ದಾಪುರದ ತಿರುವುಗಳಲ್ಲಿ, ಅಂಗಡಿಬೀದಿಯಲ್ಲಿ ಅದು ಬಹುಪಾಲು ನಿಮಿಷಕ್ಕೆ 2,000 ಮತ್ತು 3,500 ಸುತ್ತುಗಳ ನಡುವೆಯೇ ಇರುತ್ತದೆ. ನಾನು ತಂದ ದಪ್ಪ ಕೊಳವೆಯ ಹೆಡರ್ ತನ್ನ ಗುಣ ತೋರಿಸುವುದು 5,000ದ ಮೇಲೆ. ಕೊಳವೆ ಅಗತ್ಯಕ್ಕಿಂತ ದಪ್ಪವಾದರೆ ಕಡಿಮೆ ಸುತ್ತಿನಲ್ಲಿ ಹೊಗೆಯ ವೇಗ ತಗ್ಗಿ, ಸಿಲಿಂಡರ್ ಸರಿಯಾಗಿ ಖಾಲಿಯಾಗದೆ, ಯಾವ ಎಳೆತಕ್ಕಾಗಿ ಎಂಜಿನ್ ಬದಲಿಸಿದೆವೋ ಅದೇ ಕುಂದುತ್ತದೆ. ತೆರೆದ ಫಿಲ್ಟರಿನದು ಬೇರೆ ಕಥೆ. ಅದು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನು ಎಳೆಯುತ್ತದೆ, ಕೆಳಗಿಳಿಸಿ ಕೂರಿಸಿದರೆ ಮಳೆಗಾಲದ ರಸ್ತೆಯ ನೀರನ್ನು ಎಳೆಯುತ್ತದೆ. ನೀರು ಅದುಮಿಕೊಳ್ಳುವುದಿಲ್ಲ, ಸಿಲಿಂಡರಿಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಳ್ಳಗಳು ರಸ್ತೆಯ ಮೇಲೆ ಹರಿಯುವ ಜಿಲ್ಲೆಯಲ್ಲಿ ಕಂಪನಿಯವರು ಕೊಟ್ಟ ಡಬ್ಬಿಯೇ ಸರಿ, ಒಳಗಿನ ಫಿಲ್ಟರ್ ಶುಚಿಯಾಗಿದ್ದರೆ ಸಾಕು.

ಕಾಗದದ ವಿಷಯವನ್ನು ಮುಚ್ಚಿಟ್ಟು ಬರೆದರೆ ಈ ಬರಹ ಪ್ರಾಮಾಣಿಕವಾಗದು. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಎಂಜಿನ್ ನಂಬರು, ಸಿಸಿ ಎರಡೂ ಆರ್‌ಸಿಯಲ್ಲಿರುತ್ತವೆ. ಅಪಘಾತವಾದಾಗ ವಿಮೆಯವರು ಹಿಂದೆ ಸರಿಯಲು ಇದೊಂದೇ ಕಾರಣ ಸಾಕಾಗಬಹುದು. ಆದ್ದರಿಂದ ಎಂಜಿನ್ ಎತ್ತುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲಿ ಕೇಳಬೇಕು, ವಿಮೆಯವರಿಗೆ ಬರಹದಲ್ಲಿ ತಿಳಿಸಬೇಕು, ಎರಡೂ ಕಡೆಯಿಂದ ಉತ್ತರ ಬರುವ ತನಕ ಕಾರನ್ನು ರಸ್ತೆಗೆ ಇಳಿಸಬಾರದು. ನಾನು ಈ ಕ್ರಮದಲ್ಲಿ ನಡೆದುಕೊಳ್ಳಲಿಲ್ಲ. ಆಯಿಯನ್ನೂ ಮಗಳನ್ನೂ ಕೂರಿಸಿಕೊಂಡು ಘಟ್ಟ ಇಳಿದ ದಿನ ನಾನು ಯಾರನ್ನೂ ಕೇಳಿರಲಿಲ್ಲ. ಅದನ್ನು ಸರಿಯೆಂದು ಹೇಳಲಾರೆ.

40,000ದಲ್ಲಿ ಈಗ ಉಳಿದದ್ದು ಏನೂ ಇಲ್ಲ. ಅದರ ಮೇಲೆ ಇನ್ನೂ ಹತ್ತಿರ ಹತ್ತಿರ ಅಷ್ಟೇ ಹೋಗಿದೆ. ಹೆಡರ್ ಅಡಿಕೆಯ ಗೋಣಿಚೀಲದಲ್ಲಿ ಸುತ್ತಿಟ್ಟು ಅಟ್ಟದ ಮೇಲಿದೆ. ಸಿದ್ದಾಪುರದ ಕಡೆಯ ಹುಡುಗನೊಬ್ಬ, ಅವನೂ ಝೆನ್‌ಗೆ ಎಸ್ಟೀಮ್ ಎಂಜಿನ್ ಹಾಕಿಸಿಕೊಂಡವನು, ಕಳೆದ ತಿಂಗಳು ಅದನ್ನು ಕೊಳ್ಳಲು ಬಂದಿದ್ದ. ಬೆಲೆ ಮಾತಾಡುವ ಮೊದಲು ಅವನ ಕಾರಿನ ಬ್ರೇಕ್ ಆಯಿಲಿನ ಮುಚ್ಚಳ ತೆಗೆದು, ಬಿಳಿಯ ಬಟ್ಟೆಯ ತುದಿ ಅದ್ದಿ ತೋರಿಸಿದೆ. ಅವನು ಹೆಡರ್ ಕೊಳ್ಳದೆ ಮೆಕ್ಯಾನಿಕ್ ಅವರ ಫೋನ್ ನಂಬರ್ ಬರೆದುಕೊಂಡು ಹೋದ. ನನ್ನ ಕಾರಿನಲ್ಲಿ ಹಿಂದಿನ ಎರಡು ಡ್ರಮ್ಮುಗಳ ವೀಲ್ ಸಿಲಿಂಡರುಗಳನ್ನು ಬದಲಿಸುವುದು ಇನ್ನೂ ಬಾಕಿಯಿದೆ. ಎಡಗಡೆಯದು ಅಂಚಿನಲ್ಲಿ ಒದ್ದೆಯಾಗಿ ಕಾಣುತ್ತಿದೆ. ಸೋಮವಾರ ಬೆಳಿಗ್ಗೆ ಗ್ಯಾರೇಜಿಗೆ ಬಿಡುವುದೆಂದು ಹೇಳಿಟ್ಟಿದ್ದೇನೆ, ಅಲ್ಲಿಯ ತನಕ ಕಾರು ಅಂಗಳ ಬಿಡುವುದಿಲ್ಲ.